ಧನಶ್ರೀ ಮುಚ್ಚಿಟ್ಟ ಜಿಪಿಎಸ್ ಡಬ್ಬಿ

ಹುಮನಾಬಾದಿನಲ್ಲಿ ಕಾರು ಕಲಿಸುವ ಧನಶ್ರೀಗೆ, ತನ್ನ ಕೈಯಲ್ಲೇ ಪಳಗಿದ ಬಸವಕಲ್ಯಾಣದ ವರ್ಷಾಳ ವೇಗ ಕಂಡರೆ ಹೊಟ್ಟೆ ಉರಿಯುತ್ತಿತ್ತು. ಭಾನುವಾರ ಇಬ್ಬರೂ ಮಂಠಾಳದ ಬಳಿಯ ಖಾಲಿ ಬಯಲಿನಲ್ಲಿ ಕಾರಿನ ಸುತ್ತು ಹೊಡೆಯುತ್ತಿದ್ದರು.

"ಅಕ್ಕಾ, ಸುತ್ತಿನ ಟೈಮ್ ಮೊಬೈಲ್‌ದಾಗ ಬರಾಬರ್ ನೋಡಬೇಕಂದ್ರ ಏನ್ ತಗೋಬೇಕ್ರಿ?" ವರ್ಷಾ ಕೇಳಿದಳು.

"ಸ್ಟೇರಿಂಗ್ ಕೆಳಗ ಚುಚ್ಚೋ ಓಬಿಡಿ ಯಂತ್ರ ಸಾಕವಾ," ಎಂದಳು ಧನಶ್ರೀ. ಅದು ಹೇಳುವುದು ಎಂಜಿನ್ನಿನ ಸುದ್ದಿ ಮಾತ್ರ; ಸುತ್ತು ಮುಗಿಯುವ ಗೆರೆಯನ್ನು ಕಾರು ದಾಟಿದ ಕ್ಷಣ ಹಿಡಿಯಲು ಸೆಕೆಂಡಿಗೆ ಹತ್ತು ಬಾರಿ ಜಾಗ ಗುರುತಿಸುವ ಜಿಪಿಎಸ್ ಡಬ್ಬಿ ಬೇಕು ಎಂಬ ಮಾತನ್ನು ನುಂಗಿಕೊಂಡಳು. ಆಮೇಲೆ ಅಂಥದ್ದೊಂದನ್ನು ತನಗೆ ಗುಟ್ಟಾಗಿ ತರಿಸಿದಳು.

ಮುಂದಿನ ಭಾನುವಾರ, ಧನಶ್ರೀಯ ಕಾರಿನಲ್ಲಿ ಮೊಬೈಲಿಗೆ ಸುತ್ತಿನ ಟೈಮ್ ಕಳಿಸುತ್ತಿದ್ದ ಡಬ್ಬಿ ವರ್ಷಾಳ ಕಣ್ಣಿಗೆ ಬಿತ್ತು. "ನನ್ನ ಕಾರಿಗೂ ಒಮ್ಮೆ ಹಚ್ಚರಿ."

ಧನಶ್ರೀಯ ಸುತ್ತು ನಲವತ್ತೊಂದು ಸೆಕೆಂಡ್, ವರ್ಷಾಳದು ಮೂವತ್ತೊಂಬತ್ತು. ಇಷ್ಟು ದಿನ ವರ್ಷಾಳನ್ನು ಮುಂದೆ ತೋರಿಸುತ್ತಿದ್ದ ತನ್ನ ಕೈಗಡಿಯಾರವೇ ತಪ್ಪು ಎಂದುಕೊಳ್ಳುತ್ತಿದ್ದ ಧನಶ್ರೀಗೆ ಆ ಸಮಾಧಾನವೂ ಹೋಯಿತು.

"ಇದರ ಸುದ್ದಿ ನಂಗ್ಯಾಕ ಹೇಳಲಿಲ್ರಿ?"

"ಹೊಟ್ಟೆಕಿಚ್ಚು," ಎಂದು ಧನಶ್ರೀ ಒಪ್ಪಿಕೊಂಡಳು.

ವರ್ಷಾ ತನ್ನ ಕಾರಿನ ಎಡಬಾಗಿಲು ತೆಗೆದಳು. "ಕೂಡ್ರಿ ಅಕ್ಕಾ. ತಿರುವು ಇನ್ನೂ ದೂರ ಇದ್ದಾಗನ ನೀವು ಬ್ರೇಕ್ ಭಾಳ ಲಗೂ ಒತ್ತಾಕತ್ತೀರಿ, ತೋರಸ್ತೀನಿ."

ಕಲಿತವಳು ಕಲಿಸಿದವಳಿಗೇ ಹೇಳಿಕೊಡುವುದು ಧನಶ್ರೀಗೆ ಇನ್ನಷ್ಟು ಚುಚ್ಚಿತು. ಆದರೂ ಹೋಗಿ ಪಕ್ಕದ ಸೀಟಿನಲ್ಲಿ ಕೂತಳು.