ಕುರಿ ಇಲ್ಲದ ಊರಿನ ಕುರಿಗಾಹಿ

ನಾನು ಚಿಕ್ಕವಳಿದ್ದಾಗ ನಮ್ಮ ಕಾಸರಕೋಡಿನ ಕೇರಿಯಲ್ಲಿ ಕುರಿ ನೋಡಿದವರು ಒಬ್ಬರೂ ಇರಲಿಲ್ಲ. ನಗಬೇಡಿ ಮಕ್ಕಳೇ, ನಿಜ. ದನವಿತ್ತು, ನಾಯಿಯಿತ್ತು, ಮೀನಿನ ಬುಟ್ಟಿಗೆ ಹೊಂಚು ಹಾಕುವ ಬೆಕ್ಕುಗಳಂತೂ ಮನೆಮನೆಗೂ ಇದ್ದವು. ಕುರಿಗೆ ಮಾತ್ರ ನಮ್ಮ ಮಳೆ ಆಗಿಬರುವುದಿಲ್ಲವಂತೆ. ಹಾಗಿದ್ದೂ ನಮ್ಮ ಇಗರ್ಜಿಯ ಗೋಡೆಯ ಮೇಲೆ ಒಂದು ದೊಡ್ಡ ಪಟ ತೂಗುತ್ತಿತ್ತು. ಅದರಲ್ಲಿ ಯೇಸುಸ್ವಾಮಿ ಒಂದು ಬಿಳಿಯ ಮರಿಯನ್ನು ಹೆಗಲ ಮೇಲೆ ಹೊತ್ತು ಕಲ್ಲುಗುಡ್ಡ ಇಳಿದು ಬರುತ್ತಿದ್ದರು. ಬಹಳ ದಿನ ನಾನು ಅದನ್ನು ನಾಯಿಮರಿ ಎಂದೇ ತಿಳಿದಿದ್ದೆ.

ಪಾದ್ರಿಗಳು ಆ ಪಟ ತೋರಿಸಿ ಕಥೆ ಹೇಳುತ್ತಿದ್ದರು. ದೇವರು ಒಬ್ಬ ಕುರಿಗಾಹಿಯ ಹಾಗೆ, ಒಂದೇ ಒಂದು ಮರಿ ದಾರಿ ತಪ್ಪಿದರೂ ಹಿಂಡನ್ನೆಲ್ಲ ಬಿಟ್ಟು ಅದನ್ನು ಹುಡುಕಿಕೊಂಡು ಹೋಗುತ್ತಾನೆ ಎಂದು. ನನಗೋ ಅರ್ಧ ನಂಬಿಕೆ. ನಮ್ಮಲ್ಲಿ ಬಲೆಯಿಂದ ಒಂದು ಬಂಗಡೆ ಹಾರಿ ಹೋದರೆ ಬಲೆ ಬಿಟ್ಟು ಅದರ ಹಿಂದೆ ಈಜಿದವರನ್ನು ನಾನು ಕಂಡಿರಲಿಲ್ಲ.

ಕ್ರಿಸ್‌ಮಸ್ ಹತ್ತಿರ ಬಂದಾಗ ಇಗರ್ಜಿಯಲ್ಲಿ ಗೋದಲಿ ಕಟ್ಟುತ್ತಿದ್ದರು. ಬಾಲಯೇಸುವಿನ ಸುತ್ತ ಇಡುವ ಕುರಿಗಳನ್ನು ಮಕ್ಕಳಾದ ನಾವೇ ಹೊಳೆಯ ಕೆಸರಿನಿಂದ ಮಾಡಬೇಕು. ನಾನು ನಾಲಗೆ ಕಚ್ಚಿಕೊಂಡು ಒಂದು ಕುರಿ ಮಾಡಿದೆ. ಅಕ್ಕ ಅದನ್ನು ತಿರುಗಿಸಿ ನೋಡಿ, ಎಮ್ಮೆಕರು ಚೆನ್ನಾಗಿದೆ ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಮೈತುಂಬ ಬಿಳಿ ಚಿಪ್ಪು ಅಂಟಿಸಿದರೆ ಉಣ್ಣೆಯ ಹಾಗೆ ಕಾಣುತ್ತದೆಂದು ಹೊಳೆದದ್ದೇ ಆಗ. ಅಂಥ ಪುಟ್ಟ ಬಿಳಿ ಚಿಪ್ಪು ಸಿಗುವುದು ಶರಾವತಿ ಸಮುದ್ರ ಸೇರುವಲ್ಲಿ, ನಡುನೀರಿನ ಮರಳುದಿಬ್ಬದ ಮೇಲೆ.

ಮರುದಿನ ಬೆಳಿಗ್ಗೆ ಕಡಲ ನೀರು ಇಳಿತದಲ್ಲಿದ್ದ ಹೊತ್ತಿಗೆ ಯಾರಿಗೂ ಹೇಳದೆ ಹೊರಟೆ. ಮೊಣಕಾಲು ಮಟ್ಟದ ನೀರು ದಾಟಿ ದಿಬ್ಬ ಹತ್ತಿದೆ. ಎಳೆಬಿಸಿಲಿಗೆ ಒದ್ದೆ ಮರಳು ಹೊಳೆಯುತ್ತಿತ್ತು. ಗಾಳಿಯಲ್ಲಿ ಒಣಮೀನಿನ ವಾಸನೆ. ಅಕ್ಕಿಕಾಳಿನಷ್ಟು ಸಣ್ಣ ಚಿಪ್ಪುಗಳನ್ನು ಒಂದೊಂದಾಗಿ ಆರಿಸಿ ಫ್ರಾಕಿನ ಮಡಿಲಿಗೆ ಹಾಕುತ್ತ ಕುಳಿತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ತಲೆ ಎತ್ತಿದರೆ ನಾನು ದಾಟಿ ಬಂದ ಜಾಗ ಕಾಣಿಸಲಿಲ್ಲ. ಕಡಲಿನ ಭರತ ಉಬ್ಬಿ ನೀರು ಏರುತ್ತಿತ್ತು. ಕೂಗಿದೆ. ಅಲೆಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ದಿಬ್ಬ ಚಾಪೆಯಷ್ಟಾಯಿತು, ಆಮೇಲೆ ಮಣೆಯಷ್ಟಾಯಿತು. ನಾನು ಸತ್ತೇ ಹೋಗುತ್ತೇನೆಂದುಕೊಂಡೆ.

ದಡದಲ್ಲಿ ನಡೆದದ್ದನ್ನು ಅಕ್ಕ ಆಮೇಲೆ ಹೇಳಿದಳು. ಅಂದು ಕೇರಿಗೆ ಕೇರಿಯೇ ದಡದಲ್ಲಿ ನಿಂತು ರಂಪಣಿ ಎಂಬ ದೊಡ್ಡ ಬಲೆ ಎಳೆಯುತ್ತಿತ್ತು. ಎರಡು ಹಗ್ಗ, ಒಂದೊಂದಕ್ಕೂ ಇಪ್ಪತ್ತು ಮೂವತ್ತು ಜನ. ವಾರವೆಲ್ಲ ಬರಿಗೈಯಲ್ಲಿ ಬಂದವರಿಗೆ ಅಂದು ಬಲೆತುಂಬ ಬಂಗಡೆ ಸಿಕ್ಕಿತ್ತು. ಬಲೆ ದಡಕ್ಕೆ ಬರುವಾಗ ಅದರ ಅಡಿಹಗ್ಗವನ್ನು ಮರಳಿಗೆ ಒತ್ತಿ ಮೆಟ್ಟಿಕೊಳ್ಳುವುದು ಅಪ್ಪನ ಕೆಲಸ. ಅದು ಮೇಲೆದ್ದರೆ ಮೀನೆಲ್ಲ ಅಡಿಯಿಂದ ಜಾರಿಹೋಗುತ್ತದೆ. ನನ್ನನ್ನು ಹುಡುಕುತ್ತ ಬಂದ ಅಕ್ಕ ದೂರದ ನೀರಿನಲ್ಲಿ ನನ್ನ ಕೆಂಪು ಫ್ರಾಕ್ ಕಂಡು ಚೀರಿದಳು. ಅಪ್ಪ ತಿರುಗಿ ನೋಡಿದರು. ಕಾಲು ತೆಗೆದೇಬಿಟ್ಟರು.

"ಏಯ್, ಬಿಡ್ಬೇಡಾ! ಮೀನೆಲ್ಲಾ ಹೋತು!" ಎಂದು ಯಾರೋ ಬೊಬ್ಬೆ ಹೊಡೆದರು. ಅಪ್ಪ ಓಡಿದರು. ಅವರ ಹಿಂದೆ ಆ ಕಡೆಯ ನಾಲ್ಕಾರು ಜನ ಹಗ್ಗ ಬಿಟ್ಟು ಓಡಿದರು.

ನನಗೆ ಕಂಡದ್ದು ನೀರಿನ ಮೇಲೆ ಒಂದು ತಲೆ. ಅದು ಸೆಳವಿಗೆ ಅಡ್ಡವಾಗಿ, ಮುಳುಗುತ್ತ ಏಳುತ್ತ ನನ್ನ ಕಡೆಗೇ ಬರುತ್ತಿತ್ತು. ಅಪ್ಪ ದಿಬ್ಬ ಮುಟ್ಟಿದರು. ನನ್ನನ್ನು ಎತ್ತಿ ಕುತ್ತಿಗೆಯ ಮೇಲೆ ಅಡ್ಡ ಹಾಕಿಕೊಂಡು, ನನ್ನ ಕಾಲುಗಳನ್ನೂ ಕೈಗಳನ್ನೂ ಎದೆಯ ಮುಂದೆ ಸೇರಿಸಿ ಬಿಗಿಯಾಗಿ ಹಿಡಿದು, ಆಳ ಕಡಿಮೆ ಇದ್ದ ಕಡೆ ಕತ್ತಿನವರೆಗಿನ ನೀರಿನಲ್ಲಿ ನಡೆದರು. ಅವರ ಏದುಸಿರಿನ ಏರಿಳಿತ ನನ್ನ ಹೊಟ್ಟೆಗೆ ತಿಳಿಯುತ್ತಿತ್ತು. ಚಿಪ್ಪೆಲ್ಲ ನೀರುಪಾಲಾಗಿತ್ತು. ಮುಷ್ಟಿಯಲ್ಲಿ ಮೂರು ಉಳಿದಿದ್ದವು.

ದಡದಲ್ಲಿ ಖಾಲಿ ಬಲೆ ಬಿದ್ದಿತ್ತು. ಅಪ್ಪ ನನ್ನನ್ನು ಇಳಿಸಿ, ಬಲೆಯ ಮುಖಂಡನಾದ ತಂಡೇಲ ಅಜ್ಜನ ಮುಂದೆ ತಲೆ ತಗ್ಗಿಸಿ ನಿಂತರು. ಅಷ್ಟೂ ಮನೆಗಳ ಅನ್ನ ನನ್ನಿಂದ ಹೋಗಿತ್ತು. ಅಜ್ಜ ತಮ್ಮ ತಲೆಯ ವಸ್ತ್ರ ಬಿಚ್ಚಿ ನನ್ನ ಕೂದಲು ಒರೆಸಿದರು.

"ತಲೆ ಎಂತಕ್ಕೆ ತಗ್ಗಿಸ್ತೀಯೋ? ಮೀನು ನಾಳೆನೂ ಬತ್ತದೆ. ಹುಡ್ಗಿ ಸಿಕ್ತಲ್ಲ, ಆತು."

ಭಾನುವಾರ ಪೂಜೆಗೆ ಹೋದಾಗ ಪಟದ ಕಡೆ ನೋಡಿದೆ. ಹೆಗಲ ಮೇಲೆ ಅಡ್ಡ ಬಿದ್ದ ಮರಿ, ಎದೆಯ ಮುಂದೆ ಒಟ್ಟಿಗೆ ಹಿಡಿದ ನಾಲ್ಕು ಕಾಲು. ನನ್ನನ್ನು ಹೊತ್ತದ್ದೂ ಹಾಗೆಯೇ! ಅಪ್ಪನೂ ಕುರಿ ನೋಡಿದವರಲ್ಲ, ಅವರಿಗೆ ಯಾರು ಹೇಳಿಕೊಟ್ಟರು? ಪಕ್ಕದಲ್ಲಿ ಮೊಣಕಾಲೂರಿದ್ದ ಅಪ್ಪನನ್ನೂ ಪಟವನ್ನೂ ಮತ್ತೆ ಮತ್ತೆ ನೋಡಿದೆ. ಪಾದ್ರಿಗಳು ಹೇಳುತ್ತಿದ್ದ ದೇವರು ನಮ್ಮ ಊರಿನ ನೀರಿಗೂ ಇಳಿಯುತ್ತಾನೆ ಎನ್ನಿಸಿ ಕಣ್ಣು ತುಂಬಿತು. ನನ್ನ ಕಪ್ಪು ಕುರಿ ಬೆನ್ನಿಗೆ ಮೂರೇ ಚಿಪ್ಪು ಅಂಟಿಸಿಕೊಂಡು ಗೋದಲಿ ಸೇರಿತು. ನೋಡಲು ಬಂದ ತಂಡೇಲ ಅಜ್ಜ, "ಇದೆಂತ, ನಾಯಿಯಾ?" ಎಂದು ಕೇಳಿದರು.

ಈಗ ಆ ಕಡಲಿನಲ್ಲಿ ಯಂತ್ರದ ದೋಣಿಗಳಿವೆ. ನಿಮ್ಮ ಗೋದಲಿಗೆ ಅಂಗಡಿಯಿಂದ ಬೆಳ್ಳನೆಯ ಕುರಿಗಳು ಬರುತ್ತವೆ. ಕುರಿ ಹೇಗೆ ಕೂಗುತ್ತದೆಂದು ನೀವೇ ನನಗೆ ಫೋನಿನಲ್ಲಿ ತೋರಿಸಿದಿರಿ. ನೀವು ಎಲ್ಲಿದ್ದೀರಿ ಎಂಬುದೂ ನಿಮ್ಮ ಅಮ್ಮನ ಫೋನಿನಲ್ಲಿ ಚುಕ್ಕೆಯಾಗಿ ಕಾಣುತ್ತದಂತೆ, ಒಳ್ಳೆಯದೇ ಆಯಿತು. ಆದರೆ ಚುಕ್ಕೆ ಕಂಡ ಮೇಲೂ ಕೈಯಲ್ಲಿದ್ದದ್ದನ್ನು ಬಿಟ್ಟು ಯಾರಾದರೂ ನೀರಿಗೆ ಇಳಿಯಬೇಕಲ್ಲ. ಇಗರ್ಜಿಯಲ್ಲಿ ಆ ಪಟ ಈಗಲೂ ಇದೆ. ಮುಂದಿನ ಸಲ ಬಂದಾಗ ಕುರಿಮರಿ ಎಷ್ಟು ಮುದ್ದಾಗಿದೆ ಎಂದು ನೋಡುತ್ತ ನಿಲ್ಲಬೇಡಿ, ಅದರ ಕಾಲು ಹಿಡಿದಿರುವ ಆ ಕೈಗಳನ್ನು ನೋಡಿ. ನಾನು ಇಷ್ಟು ವರ್ಷ ನೋಡುತ್ತಿರುವುದು ಅವನ್ನೇ.