ಅತ್ತೆಯ ಕಣ್ಣು, ನನ್ನ ನೋಟ್‌ಬುಕ್ಕು

ಕಥೆ ಬರೆಯುವುದರ ಬಗ್ಗೆ ಮಾತಾಡಲು ಬಾದಾಮಿಯ ಕಾಲೇಜಿನವರು ಮೊನ್ನೆ ಮತ್ತೆ ಕರೆದಿದ್ದರು. ಬರುವುದಿಲ್ಲ ಎಂದುಬಿಟ್ಟೆ. ಕಳೆದ ಸಲ ಹೋದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ನಿಮಗ ಕತಿ ಎಲ್ಲಿ ಸಿಗ್ತಾವ್ರಿ ಮೇಡಂ?" ಎಂದು ಕೇಳಿದ್ದಕ್ಕೆ ಅರ್ಧ ಗಂಟೆ ಕೊರೆದಿದ್ದೆ. ಕಣ್ಣು ತೆರೆದಿಡಬೇಕಂತೆ, ಸಣ್ಣ ಸಣ್ಣದನ್ನು ಗಮನಿಸಬೇಕಂತೆ, ಮನೆಯಲ್ಲೇ ಎಲ್ಲ ಇದೆಯಂತೆ! ನಾನು ಹೀಗೆ ಉಪದೇಶ ಮಾಡುತ್ತಿದ್ದ ಹೊತ್ತಿಗೆ ಇಳಕಲ್ಲಿನ ನಮ್ಮ ಮನೆಯಲ್ಲಿ ಅತ್ತೆಯ ಎರಡೂ ಕಣ್ಣು ಮಂಜಾಗಿ ವರ್ಷವಾಗುತ್ತ ಬಂದಿತ್ತು. ನೆನೆಸಿಕೊಂಡರೆ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಕಂಡದ್ದೆಲ್ಲ ನೋಟ್‌ಬುಕ್ಕಿನಲ್ಲಿದೆ, ನನ್ನದೇ ಅಕ್ಷರದಲ್ಲಿ.

ನಾನು ಹುನಗುಂದದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಒಂದು ಬೆಳಿಗ್ಗೆ ಬಸ್ಸಿಗೆ ಹೊತ್ತಾಗುತ್ತಿದ್ದರೂ ಬಾಗಿಲಲ್ಲಿ ನಿಂತುಬಿಟ್ಟೆ. ಅತ್ತೆ ಸೀರೆ ಉಡುತ್ತಿದ್ದರು. ಉಡುವ ಮೊದಲು ಅದರ ಉದ್ದಕ್ಕೂ ಬೆರಳಾಡಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದರು. ನಮ್ಮೂರ ಸೀರೆಯಲ್ಲಿ ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಾರಲ್ಲ, ಆ ಜಾಗ. ಮದುವೆಗೆ ಮುಂಚೆ ತವರಿನಲ್ಲಿ ಅತ್ತೆಯೂ ಆ ಕೊಂಡಿ ಹಾಕಿದವರೇ. ನನಗೆ ಕಣ್ಣು ತುಂಬಿ ಬಂತು. ಬಸ್ಸಿನಲ್ಲಿ ಕೂತು ಬರೆದೆ: 'ಮುದುಕಿ ಬೆರಳಿನಿಂದ ತನ್ನ ಮಗ್ಗದ ದಿನಗಳನ್ನು ಮುಟ್ಟಿ ನೋಡುತ್ತಾಳೆ.' ಪಾಪ, ಅವರು ಸೆರಗು ಯಾವ ಕಡೆಗಿದೆ ಎಂದು ಹುಡುಕುತ್ತಿದ್ದರು, ಅಷ್ಟೇ.

ರೊಟ್ಟಿಯ ಕಥೆ ಇನ್ನೂ ಕೆಟ್ಟದ್ದು. ಅತ್ತೆಯ ಹಂಚಿನಲ್ಲಿ ರೊಟ್ಟಿ ಸೀದದ್ದನ್ನು ನಾನು ಕಂಡವಳೇ ಅಲ್ಲ. ಆ ವರ್ಷ ದಿನಾ ಒಂದೆರಡು ಕರ್ರಗಾಗತೊಡಗಿದವು. "ಸಾಕ್ ಬಿಡ್ರಿ ಅತ್ತಿ, ಇನ್ನ ಅಂಗಡಿ ರೊಟ್ಟಿನ ತರಸೂಣು" ಎಂದು ನಾನು ಒಮ್ಮೆ ಅಂದಿದ್ದೆ. ಮರುದಿನ ಇನ್ನೊಂದು ಹೆಚ್ಚಿಗೆ ಸೀದುಹೋಯಿತು. ಓಹೋ, ಇದು ಮುನಿಸು ಎಂದು ನಾನೇ ತೀರ್ಮಾನಿಸಿದೆ. ಮಾತಿನಲ್ಲಿ ಜಗಳಾಡದೆ ರೊಟ್ಟಿ ಸುಟ್ಟು ಸೇಡು ತೀರಿಸಿಕೊಳ್ಳುವ ಅತ್ತೆ! ಎರಡೇ ರವಿವಾರದಲ್ಲಿ ಕಥೆ ಮುಗಿಸಿ ಪತ್ರಿಕೆಗೆ ಕಳಿಸಿದೆ. ಬೀಗಿದ್ದೂ ಬೀಗಿದ್ದೇ.

ಆಮೇಲೆ ಅವರು ಹುನಗುಂದದ ತಂಗಿಯ ಮನೆಗೆಂದು ಹೊರಟು ತದ್ವಿರುದ್ಧ ದಿಕ್ಕಿನ ಕುಷ್ಟಗಿ ಬಸ್ಸು ಹತ್ತಿದರು. ಕಂಡಕ್ಟರ್ ಫೋನ್ ಮಾಡಿ, ಮುಂದಿನ ಸ್ಟಾಪಿನಲ್ಲಿ ಇಳಿಸಿದ್ದೇನೆ ಎಂದ. ಯಜಮಾನರು ಬೈಕಿನಲ್ಲಿ ಹೋಗಿ ಕರೆತಂದರು. ಅವರು ಬರುವಷ್ಟರಲ್ಲಿ ನಾನು ಏನು ಮಾಡಿದ್ದೆ ಹೇಳಲೂ ನಾಚಿಕೆ. 'ಬೇಕೆಂದೇ ತಪ್ಪು ಬಸ್ಸು ಹತ್ತಿದ ಮುದುಕಿ, ಕಾದಂಬರಿ ಆದೀತೇ?' ಎಂದು ಬರೆದಿಟ್ಟಿದ್ದೆ. ಯಜಮಾನರ ಕಣ್ಣಿಗೆ ಅದು ಬಿತ್ತು.

"ಅವ್ವಗ ಬೋರ್ಡ್ ಕಾಣ್ಲಿಲ್ಲ, ಮುಗೀತು. ಅದರಾಗ ಕಾದಂಬರಿ ಎಲ್ಲೈತಿ?" ಎಂದು ರೇಗಿದರು.

ಆಗ ಬೆಚ್ಚಿಬಿದ್ದೆ. ಸೀರೆ, ರೊಟ್ಟಿ, ಬಸ್ಸು, ಎಲ್ಲ ಒಟ್ಟಿಗೇ ತಲೆಗೆ ಬಂದವು.

ಮರುದಿನವೇ ಬಾಗಲಕೋಟೆಯ ಕಣ್ಣಿನ ದವಾಖಾನೆಗೆ ಹೋದೆವು. ಡಾಕ್ಟರು ಲೈಟು ಬಿಟ್ಟು ನೋಡಿ, "ಎರಡೂ ಕಣ್ಣಾಗ ಪೊರಿ ಬಲತೈತಿ. ಇಷ್ಟ್ ದಿನ ಮನ್ಯಾಗ ಯಾರಿಗೂ ಗೊತ್ತಾಗ್ಲಿಲ್ಲೇನ್ರಿ?" ಎಂದರು. ನಾನು ಗೋಡೆಯ ಮೇಲಿನ ಅಕ್ಷರದ ಪಟ ನೋಡುತ್ತ ಕೂತೆ.

"ಯಾಕ್ ಹೇಳಲಿಲ್ರಿ ಅತ್ತಿ?" ಎಂದು ಹೊರಗೆ ಬಂದು ಕೇಳಿದೆ.

"ಕಾಣಂಗಿಲ್ಲ ಅಂದ್ರ ಒಲಿ ಮುಂದಿಂದ ಎಬ್ಬಸ್ತೀರಿ. ಅಂಗಡಿ ರೊಟ್ಟಿ ಅಂತ ಆಗ್ಲೇ ಅಂದಿದ್ದಿ."

ಒಂದು ಕಣ್ಣಿನ ಆಪರೇಷನ್ ಆಯಿತು. ಅದೇ ತಿಂಗಳು ಕಥೆಯೂ ಅಚ್ಚಾಗಿ ಬಂತು. ನಿಲ್ಲಿಸಿ ಎಂದು ಫೋನ್ ಮಾಡುವಷ್ಟರಲ್ಲಿ ಸಂಚಿಕೆ ಹೊರಟುಹೋಗಿತ್ತು. ಓದಿದವರು ಒಬ್ಬರಾದ ಮೇಲೊಬ್ಬರು ಫೋನ್ ಮಾಡಿ, ಎಂಥ ಸೂಕ್ಷ್ಮ ನೋಟ ನಿಮ್ಮದು ಎಂದು ಹೊಗಳಿದರು. ಒಬ್ಬರಿಗಂತೂ ಸಾಕು ಮಾಡ್ರಿ ಎಂದೇ ಹೇಳಿದೆ.

ಪತ್ರಿಕೆಯನ್ನು ಅಡಗಿಸಿಟ್ಟಿದ್ದೆ. ಆದರೆ ಹೊಸ ಕಣ್ಣು ಬಂದ ಅತ್ತೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದರು, ಅದೂ ಸಿಕ್ಕಿತು. ಸಂಜೆ ನಾನು ಸಾಲೆಯಿಂದ ಬಂದಾಗ ಪಡಸಾಲೆಯಲ್ಲಿ ಕೂತು ಕೊನೆಯ ಪುಟ ಓದುತ್ತಿದ್ದರು. ಬೈಯಲಿ, ಒಮ್ಮೆ ಬೈದು ಮುಗಿಸಲಿ ಎಂದು ಎದುರಿಗೇ ನಿಂತೆ. ಅವರು ಪತ್ರಿಕೆ ಮಡಚಿ ನನ್ನ ಕೈಗೆ ಕೊಟ್ಟರು.

"ಅಂದ್ರ ನೀ ಎಲ್ಲಾ ನೋಡಿದ್ದಿ," ಎಂದರು. "ನೋಡಿ, ಏನಾತಂತ ಒಂದ್ ಮಾತು ಕೇಳಬಾರದಿತ್ತೇನವಾ?"