ತಂಗಿ ಕಲಿತ ಯಂತ್ರದ ಮಾತು

ನನ್ನ ತಂಗಿ ಕಸೂತಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಯಂತ್ರ ನಡೆಸುತ್ತಾಳೆ. ಹನ್ನೆರಡು ಸೂಜಿಯ ಆ ಯಂತ್ರ ಕೊರಿಯಾದಿಂದ ಬಂದದ್ದು. ದಾರ ತುಂಡಾಗಲಿ, ಸೂಜಿ ಬಾಗಲಿ, ಪರದೆಯ ಮೇಲೆ ಕೊರಿಯನ್ ಅಕ್ಷರಗಳೇ ಮೂಡುತ್ತವೆ. ಹೊಸ ಯಂತ್ರದ ತರಬೇತಿಗೆ ಒಬ್ಬರನ್ನು ಮೂರು ತಿಂಗಳು ಆ ದೇಶಕ್ಕೆ ಕಳಿಸುತ್ತಾರೆ, ಅಲ್ಲಿಂದ ಬರುವ ಇಂಜಿನಿಯರ ಜೊತೆ ಹತ್ತು ನಿಮಿಷ ಅವರ ಭಾಷೆಯಲ್ಲಿ ಮಾತನಾಡಿದವರಿಗೇ ಅವಕಾಶ ಎಂದು ಗೊತ್ತಾದಾಗ, ನಲವತ್ತೇಳರ ಇವಳು ಹೆಸರು ಕೊಟ್ಟು ಬಂದಳು.

"ನೀನು ನೆಟ್ಟಗೆ ಹೇಳಿದ್ದೇ ನನಗೆ ತಿಳಿಯಲ್ಲ. ಇನ್ಮೇಲೆ ಬೈಯೋದೂ ಕೊರಿಯನ್ ಭಾಷೇಲೇನಾ?" ಎಂದ ಅವಳ ಗಂಡ.

"ತಿಳಿಯದಿದ್ರೆ ನೆಮ್ಮದಿಯಾಗಿರ್ತೀರಿ ಬಿಡಿ."

ಪಾಠ ಒಪ್ಪಿಸುತ್ತಿದ್ದದ್ದು ನನಗೆ. ನನಗೆ ಅದರ ಒಂದಕ್ಷರವೂ ಬಾರದು. ಆದರೂ ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಪಾಠ ಕೇಳಿದ ಕಿವಿ, ತಡವರಿಸಿದರೆ ತಿಳಿಯುತ್ತದೆ. ಎರಡು ವಾರದಲ್ಲಿ ಅಕ್ಷರ ಕೈಗೆ ಬಂತು. ಮೊದಲು ಓದಿ ಕಲಿತದ್ದು ಯಂತ್ರದ ಸೂಚನೆಗಳನ್ನೇ. ಕ್ರಿಯಾಪದ ನಮ್ಮಂತೆಯೇ ವಾಕ್ಯದ ಕೊನೆಗೆ ಬರುತ್ತದೆಂದು ಕೇಳಿ ನಾನೇ ಹಿಗ್ಗಿದೆ. ಕಾಟ ಕೊಟ್ಟದ್ದು ಎಣಿಕೆ: ಗಂಟೆ ಹೇಳಲು ಒಂದು ಬಗೆಯ ಅಂಕಿ, ನಿಮಿಷ ಹೇಳಲು ಇನ್ನೊಂದು ಬಗೆ.

"ಒಂದೇ ಗಡಿಯಾರಕ್ಕೆ ಎರಡೆರಡು ಲೆಕ್ಕ ಯಾಕಣ್ಣ?" ಎಂದು ಮುಖ ಊದಿಸಿಕೊಳ್ಳುವಳು.

ಅದಕ್ಕಿಂತ ಕಷ್ಟ, ಕೇಳಿ ತಿಳಿಯುವುದು. ಮೊಬೈಲಿನ ಪಾಠದ ಹೆಂಗಸು ಪಟಪಟನೆ ಮಾತು ಮುಗಿಸುವಾಗ ಇವಳಿನ್ನೂ ಮೊದಲ ಪದದಲ್ಲೇ ನಿಂತಿರುತ್ತಿದ್ದಳು. ಕೊನೆಗೆ ಸ್ವಪರಿಚಯದ ಇಪ್ಪತ್ತು ವಾಕ್ಯ ಬಾಯಿಪಾಠ ಮಾಡಿಕೊಂಡು ಹೋದಳು.

ಇಂಜಿನಿಯರು ಪರಿಚಯ ಕೇಳಲೇ ಇಲ್ಲ. ಮನೆಯಲ್ಲಿ ಯಾರಿದ್ದಾರೆ, ಎಂಥವರು ಎಂದರಂತೆ. ನಿಧಾನವಾಗಿ ಹೇಳಿ ಎಂದು ಎರಡು ಸಲ ಕೇಳಿಕೊಂಡ ಮೇಲೆ ಪ್ರಶ್ನೆಯೇನೋ ತಿಳಿಯಿತು, ಉತ್ತರಕ್ಕೆ ಪದ ಸಿಗಲಿಲ್ಲ. ಆಗ ಗಾಜಿನಾಚೆ ತನ್ನ ಯಂತ್ರ ಕಣ್ಣಿಗೆ ಬಿತ್ತು.

"ಗಂಡ ಒಳ್ಳೆ ಯಂತ್ರ. ಸದ್ದು ಜಾಸ್ತಿ. ದಿನಾ ಎಣ್ಣೆ ಬೇಕು. ಅಣ್ಣ ಹಳೆ ಯಂತ್ರ. ಬಿಡಿಭಾಗ ಸಿಗಲ್ಲ. ನಿಲ್ಲಿಸಿದ್ರೂ ನಿಲ್ಲಲ್ಲ."

ಇಂಜಿನಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರಂತೆ. "ಹೊಲಿಗೆ ಹೇಗೆ ಬರುತ್ತೆ?"

"ನೇರ," ಎಂದಳಂತೆ ಇವಳು. ಹತ್ತು ನಿಮಿಷ ಹೋಗಿ ಅರ್ಧ ಗಂಟೆಯಾಯಿತು. ಎಲ್ಲವೂ ಯಂತ್ರದ ಮಾತಿನಲ್ಲೇ.

ಸೋಮವಾರ ಅವಳ ಪ್ರಯಾಣ. ಗಂಡ ಅವಳ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತ, "ಅಲ್ಲಾ, ನನ್ನ ಬಗ್ಗೆ ಏನಂದೆ ಅವರಿಗೆ?" ಎಂದ.

"ಒಳ್ಳೆಯವರು ಅಂದೆ."

"ಅಷ್ಟೇನಾ?"

"ಉಳಿದದ್ದು ಅಣ್ಣನ್ನ ಕೇಳಿ."

ಅವನು ನನ್ನತ್ತ ತಿರುಗಿದ. ಹಳೆ ಯಂತ್ರ ಅವತ್ತೊಂದು ದಿನ ತಾನಾಗಿಯೇ ನಿಂತಿತು.